ಇಳಿಜಾರು ನಿವೇಶನಗಳಲ್ಲಿ ಅಂಗಳ, ಕಾಲುದಾರಿ ಮತ್ತು ತಡೆಗೋಡೆ ನಿರ್ಮಾಣ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಮಲೆನಾಡು ಹಾಗೂ ಕರಾವಳಿ ಭಾಗಗಳಲ್ಲಿ ಸಮತಟ್ಟಾದ ನಿವೇಶನ ದೊರೆಯುವುದು ವಿರಳ. ಆದುದರಿಂದ ಮನೆ ಕಟ್ಟುವವರು ಗುಡ್ಡದ ಮೇಲ್ಭಾಗವನ್ನು ಕಡಿದು, ಕಡಿದ ಮಣ್ಣನ್ನು ಕೆಳಭಾಗಕ್ಕೆ ತುಂಬಿ ನಿವೇಶನವನ್ನು ಸಮತಟ್ಟುಗೊಳಿಸುವುದು ವಾಡಿಕೆಯಾಗಿದೆ. ಹೀಗೆ ಮಾಡಿದಾಗ ಮನೆಯ ಹಿಂದೆ ಒಂದು ಧರೆ ಹಾಗೂ ಮುಂದೆ ಒಂದು ತುಂಬು ಮಣ್ಣಿನ ದಿಬ್ಬ ಉಂಟಾಗುತ್ತವೆ. ಇವೆರಡನ್ನೂ ಹಿಡಿದು ನಿಲ್ಲಿಸಲು ತಡೆಗೋಡೆ, ಇವುಗಳ ನಡುವಿನ ನೆಲಕ್ಕೆ ಕಾಂಕ್ರೀಟು ಅಥವಾ ಕಲ್ಲುಹಾಸಿನ ಅಂಗಳ, ರಸ್ತೆಯಿಂದ ಮನೆಗೆ ಬರಲು ಕಾಲುದಾರಿ ಅಗತ್ಯವಾಗುತ್ತವೆ.

ಮನೆಯ ನಕ್ಷೆಗೆ ಇಂಜಿನಿಯರರ ಸಲಹೆ ಪಡೆಯುವವರು ಸಹ ಈ ಹೊರಗಿನ ಕೆಲಸಗಳನ್ನು ಕೊನೆಯಲ್ಲಿ, ಉಳಿದ ಹಣದಲ್ಲಿ, ನಕ್ಷೆಯಿಲ್ಲದೆ ಮಾಡಿಸುವುದು ಸಾಮಾನ್ಯ. ಆದರೆ ಮಳೆಗಾಲದಲ್ಲಿ ಮೊದಲು ಕುಸಿಯುವುದು ಇವೇ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳಲ್ಲಿ ಅನೇಕ ಕುಟುಂಬಗಳು ಮನೆ, ತೋಟಗಳನ್ನು ಕಳೆದುಕೊಂಡವು. 2024ರ ಜೂನ್ 26ರಂದು ಉಳ್ಳಾಲ ಸಮೀಪದ ಕುತ್ತಾರಿನಲ್ಲಿ ನೆರೆಯ ನಿವೇಶನದ ಆವರಣ ಗೋಡೆಯು ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ಬೃಹತ್ ಗುಡ್ಡ ಕುಸಿತವನ್ನು ಒಂದು ಮನೆಯವರು ತಡೆಯಲಾರರು. ಆದರೆ ತಮ್ಮ ನಿವೇಶನದ ಧರೆ ಹಾಗೂ ಗೋಡೆಗಳನ್ನು ಸುರಕ್ಷಿತವಾಗಿರಿಸುವುದು ಬಹುಮಟ್ಟಿಗೆ ಮನೆಯ ಮಾಲೀಕರ ಕೈಯಲ್ಲಿಯೇ ಇದೆ.

ಈ ಮಾಹಿತಿಯ ಮುಖ್ಯ ಆಶಯವು ಒಂದೇ: ಕಾಂಕ್ರೀಟು ಹಾಕುವ ಮೊದಲು, ಗೋಡೆ ಎಬ್ಬಿಸುವ ಮೊದಲು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸತಕ್ಕದ್ದು.

2. ಪದಗಳ ವಿವರಣೆ

ಧರೆ: ಗುಡ್ಡವನ್ನು ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಮುಖ. ಕೊಡಗಿನಲ್ಲಿ ಇದನ್ನು ಬರೆ ಎಂದೂ ಕರೆಯುತ್ತಾರೆ.

ತಡೆಗೋಡೆ: ಒಂದು ಬದಿಯಲ್ಲಿ ಮಣ್ಣಿನ ಒತ್ತಡವನ್ನು ತಾಳಿಕೊಳ್ಳಲು ಕಟ್ಟುವ ಗೋಡೆ. ಆವರಣ ಗೋಡೆ ಅಥವಾ ಕಾಂಪೌಂಡು ಗೋಡೆಯು ತಡೆಗೋಡೆಯಲ್ಲ. ಅದನ್ನು ಮಣ್ಣಿನ ಒತ್ತಡ ತಾಳುವಂತೆ ಕಟ್ಟಿರುವುದಿಲ್ಲ.

ನೀರುಕಿಂಡಿ: ಗೋಡೆಯ ಹಿಂದೆ ಸಂಗ್ರಹವಾಗುವ ನೀರು ಮುಂದಕ್ಕೆ ಬಸಿದು ಹೋಗಲು ಗೋಡೆಯಲ್ಲಿ ಇಡುವ ಕೊಳವೆ. ಮೇಸ್ತ್ರಿಗಳು ಇದನ್ನು ವೀಪ್ ಹೋಲ್ ಎನ್ನುತ್ತಾರೆ.

ಅಂಗಳ: ಮನೆಯ ಮುಂದಿನ ಅಥವಾ ಪಕ್ಕದ ತೆರೆದ, ಹಾಸು ಹಾಕಿದ ನೆಲ. ಅಡಿಕೆ ಒಣಗಿಸುವ ಅಂಗಳ ಹಾಗೂ ಕಾಫಿ ಕಣಗಳಿಗೂ ಇಲ್ಲಿನ ಸೂಚನೆಗಳು ಅನ್ವಯಿಸುತ್ತವೆ.

3. ಗೋಡೆ ಕುಸಿಯುವುದೇಕೆ?

ಗೋಡೆಯ ಹಿಂದಿನ ಮಣ್ಣು ಒಣಗಿರುವಾಗ ಅದರ ಕಣಗಳು ಪರಸ್ಪರ ಹಿಡಿದುಕೊಂಡಿರುತ್ತವೆ. ಗೋಡೆಯ ಮೇಲೆ ಬೀಳುವ ಒತ್ತಡವು ಆಗ ಮಣ್ಣಿನ ತೂಕದ ಒಂದು ಭಾಗ ಮಾತ್ರ. ಮಳೆಯ ನೀರು ಹಿಂದೆ ನಿಂತಾಗ ಎರಡು ಬದಲಾವಣೆಗಳಾಗುತ್ತವೆ. ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಅಲ್ಲದೆ ನಿಂತ ನೀರು ತನ್ನ ಪೂರ್ಣ ಒತ್ತಡವನ್ನು ಗೋಡೆಯ ಮೇಲೆ ಹಾಕುತ್ತದೆ.

ಉದಾಹರಣೆಗೆ, 3 ಮೀಟರ್ (ಸುಮಾರು 10 ಅಡಿ) ಎತ್ತರದ ಗೋಡೆಯ ಹಿಂದೆ ನೀರು ಬಸಿದುಹೋಗುವ ಸಾಮಾನ್ಯ ಮಣ್ಣಿದ್ದರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ಅಂದಾಜು 2.7 ಟನ್ ಒತ್ತಡ ಬೀಳುತ್ತದೆ. ಅದೇ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ ಒತ್ತಡವು ಅಂದಾಜು 5.8 ಟನ್‌ಗೆ ಏರುತ್ತದೆ. ಅಂದರೆ ಬೇಸಿಗೆಯಲ್ಲಿ ಭದ್ರವಾಗಿ ಕಾಣುವ ಗೋಡೆಯು ಜುಲೈ ತಿಂಗಳಿನಲ್ಲಿ ಇಮ್ಮಡಿಗೂ ಮೀರಿದ ಹೊರೆಯನ್ನು ಹೊತ್ತು ನಿಂತಿರುತ್ತದೆ.

ಎತ್ತರದ ಪರಿಣಾಮವನ್ನೂ ಸಾರ್ವಜನಿಕರು ಗಮನಿಸತಕ್ಕದ್ದು. ಗೋಡೆಯ ಎತ್ತರ ಎರಡು ಪಟ್ಟಾದರೆ ಅದರ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗೋಡೆಯನ್ನು ಮುಂದಕ್ಕೆ ಉರುಳಿಸುವ ಬಲವು ಎಂಟು ಪಟ್ಟಾಗುತ್ತದೆ. ಆದ ಕಾರಣ ಐದು ಅಡಿಯ ಗೋಡೆ ಚೆನ್ನಾಗಿ ನಿಂತಿದೆಯೆಂದು ಅದರ ಮೇಲೆಯೇ ಮತ್ತೆ ಐದು ಅಡಿ ಏರಿಸುವುದು ಅಪಾಯಕಾರಿ.

ಕರಾವಳಿಯಲ್ಲಿ ಮತ್ತೊಂದು ವಿಶೇಷ ಕಾರಣವಿದೆ. ಅಲ್ಲಿ ಮೇಲ್ಪದರದ ಮುರಕಲ್ಲು ಗಟ್ಟಿಯಾಗಿದ್ದರೂ ಅದರ ಕೆಳಗೆ ಅನೇಕ ಕಡೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಈ ಮಣ್ಣು ಒಣಗಿದಾಗ ಗಟ್ಟಿಯಾಗಿದ್ದು, ನೆನೆದಾಗ ಶಕ್ತಿಯನ್ನು ಬಹುಬೇಗ ಕಳೆದುಕೊಳ್ಳುತ್ತದೆ. ಧರೆಯನ್ನು ಕಡಿದಾಗ ಮುರಕಲ್ಲಿನ ಕೆಳಗೆ ಇಂತಹ ಮಣ್ಣು ಕಂಡುಬಂದಲ್ಲಿ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಇಂಜಿನಿಯರರ ಸಲಹೆ ಪಡೆಯತಕ್ಕದ್ದು.

4. ಕೆಲಸಕ್ಕೆ ಮುನ್ನ ನಿವೇಶನದ ಪರಿಶೀಲನೆ

ನಿವೇಶನವನ್ನು ಬೇಸಿಗೆಯಲ್ಲಿ ಮಾತ್ರ ನೋಡಿ ತೀರ್ಮಾನಿಸಬಾರದು. ಸಾಧ್ಯವಾದಲ್ಲಿ ಒಂದು ಮಳೆಗಾಲದಲ್ಲಿ ಸ್ಥಳಕ್ಕೆ ಭೇಟಿ ನೀಡಿ ಈ ಕೆಳಗಿನ ಅಂಶಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ.

(ಅ) ಮೇಲಿನ ಗುಡ್ಡದಿಂದ ನೀರು ಯಾವ ದಾರಿಯಲ್ಲಿ ಇಳಿಯುತ್ತದೆ?
(ಆ) ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ನಿವೇಶನದಲ್ಲಿ ಅಥವಾ ಧರೆಯ ಬುಡದಲ್ಲಿ ಜಲ ಏಳುತ್ತದೆಯೇ?
(ಇ) ಹಿಂದೆ ಇದ್ದ ತೋಡು, ಹಳ್ಳ ಅಥವಾ ಕಾಲುವೆಯನ್ನು ಮುಚ್ಚಿ ನಿವೇಶನ ಮಾಡಲಾಗಿದೆಯೇ?
(ಈ) ನೆಲದಲ್ಲಿ ಎಷ್ಟು ಭಾಗ ಮೂಲ ಮಣ್ಣು, ಎಷ್ಟು ಭಾಗ ತುಂಬು ಮಣ್ಣು?
(ಉ) ಇಳಿಜಾರಿನ ಮರಗಳು ಕೆಳಮುಖವಾಗಿ ವಾಲಿವೆಯೇ? ನೆಲದಲ್ಲಿ ಹಳೆಯ ಬಿರುಕುಗಳಿವೆಯೇ?

ಸ್ಥಳೀಯ ಹಿರಿಯರಲ್ಲಿ ಹಾಗೂ ಅಕ್ಕಪಕ್ಕದ ತೋಟದವರಲ್ಲಿ ವಿಚಾರಿಸಿದರೆ ನೀರಿನ ಹಳೆಯ ದಾರಿಗಳ ಬಗ್ಗೆ ನಂಬಲರ್ಹ ಮಾಹಿತಿ ದೊರೆಯುತ್ತದೆ. ಮುಚ್ಚಿದ ತೋಡಿನ ಮೇಲೆ ಅಂಗಳ ಹಾಕಿದರೆ ನೀರು ಹಳೆಯ ದಾರಿಯಲ್ಲಿಯೇ ಅಂಗಳದ ಅಡಿಯಿಂದ ಹರಿಯುತ್ತದೆ. ಆಗ ಹಾಸಿನ ಕೆಳಗಿನ ಮಣ್ಣು ಕೊಚ್ಚಿಹೋಗಿ ಪೊಳ್ಳಾಗುತ್ತದೆ.

5. ಅಂಗಳ

5.1 ನೀರಿನ ಪ್ರಮಾಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು ಸಂಗ್ರಹವಾಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ದಿನವೊಂದಕ್ಕೆ 100 ಮಿ.ಮೀ. ಮಳೆ ಅಪರೂಪವಲ್ಲ. ಅಂತಹ ದಿನ 100 ಚದರ ಮೀಟರ್ ಮಾಡಿನಿಂದ 10,000 ಲೀಟರ್, 10 ಮೀಟರ್ ಉದ್ದ ಮತ್ತು 6 ಮೀಟರ್ ಅಗಲದ ಅಂಗಳದಿಂದ 6,000 ಲೀಟರ್, ಒಟ್ಟು 16,000 ಲೀಟರ್ ನೀರು ಹರಿಯುತ್ತದೆ. ಮಣ್ಣಿನ ಅಂಗಳವಿದ್ದಾಗ ಇದರಲ್ಲಿ ಒಂದು ಭಾಗ ನೆಲದಲ್ಲಿ ಇಂಗುತ್ತಿತ್ತು. ಕಾಂಕ್ರೀಟು ಹಾಕಿದ ಮೇಲೆ ಬಹುತೇಕ ಎಲ್ಲವೂ ಅಂಗಳದ ಅಂಚಿಗೆ, ಅಂದರೆ ತುಂಬು ಮಣ್ಣಿನ ದಿಬ್ಬದ ಮೇಲೆ, ಒಟ್ಟಿಗೆ ಬೀಳುತ್ತದೆ. ಮುಂಭಾಗದ ದಿಬ್ಬ ಕುಸಿಯಲು ಇದು ಮುಖ್ಯ ಕಾರಣ.

5.2 ವಾಟ. ಅಂಗಳದ ನೆಲವು ಮನೆಯ ಗೋಡೆಯಿಂದ ಹೊರಕ್ಕೆ 50ಕ್ಕೆ 1ರಂತೆ ಇಳಿಜಾರಾಗಿರುವುದು ಉತ್ತಮ. 6 ಮೀಟರ್ ಅಗಲದ ಅಂಗಳಕ್ಕೆ ಇದು 12 ಸೆಂ.ಮೀ. ಆಗುತ್ತದೆ. ಅಂಚಿನಲ್ಲಿ ಚರಂಡಿ ನಿರ್ಮಿಸಿ, ನೀರನ್ನು ಒಂದು ಬದಿಗೆ ಒಯ್ದು, ಕಲ್ಲು ಕಟ್ಟಿದ ಕಾಲುವೆ ಅಥವಾ ಕೊಳವೆಯ ಮೂಲಕ ಇಳಿಜಾರಿನ ಬುಡದವರೆಗೆ ತಲುಪಿಸತಕ್ಕದ್ದು. ಮಾಡಿನ ನೀರಿಗೆ ದಂಬೆ ಹಾಕಿ ಅದೇ ಚರಂಡಿಗೆ ಸೇರಿಸಬಹುದು ಅಥವಾ ಮಳೆನೀರು ಸಂಗ್ರಹಕ್ಕೆ ಬಳಸಬಹುದು.

5.3 ಇಂಗುಗುಂಡಿಯ ಸ್ಥಳ. ಮಳೆನೀರು ಇಂಗಿಸುವುದು ಸ್ವಾಗತಾರ್ಹ. ಆದರೆ ತಡೆಗೋಡೆಯ ಹಿಂಭಾಗದಲ್ಲಿ, ಧರೆಯ ನೆತ್ತಿಯಲ್ಲಿ ಅಥವಾ ತುಂಬು ಮಣ್ಣಿನಲ್ಲಿ ಇಂಗುಗುಂಡಿ ತೆಗೆಯಕೂಡದು. ಶೌಚಗುಂಡಿಗೂ ಈ ಮಾತು ಅನ್ವಯಿಸುತ್ತದೆ. ಕಡಿದಾದ ನಿವೇಶನಗಳಲ್ಲಿ ನೀರನ್ನು ಇಂಗಿಸುವುದಕ್ಕಿಂತ ಸುರಕ್ಷಿತವಾಗಿ ಕೆಳಗೆ ಸಾಗಿಸುವುದೇ ಲೇಸು.

5.4 ಕಾಂಕ್ರೀಟು ಅಂಗಳ. ಜನಸಂಚಾರಕ್ಕೆ 10 ಸೆಂ.ಮೀ. (4 ಇಂಚು), ಕಾರು ನಿಲ್ಲುವ ಕಡೆ 12.5ರಿಂದ 15 ಸೆಂ.ಮೀ. ದಪ್ಪ ಸಾಮಾನ್ಯವಾಗಿ ಸಾಕಾಗುತ್ತದೆ. ಅದರ ಕೆಳಗೆ ಕನಿಷ್ಠ 10 ಸೆಂ.ಮೀ. ದಪ್ಪಕ್ಕೆ ಜಲ್ಲಿ ಅಥವಾ ಗಟ್ಟಿ ಗ್ರಾವೆಲ್ ಹಾಕಿ ಚೆನ್ನಾಗಿ ದಮ್ಮಸು ಮಾಡತಕ್ಕದ್ದು. ತುಂಬು ಮಣ್ಣನ್ನು ಒಮ್ಮೆಗೇ ಸುರಿಯದೆ 15ರಿಂದ 20 ಸೆಂ.ಮೀ. ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ದಮ್ಮಸು ಮಾಡಬೇಕು.

ಎಂ20 ದರ್ಜೆಯ ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು ಅಥವಾ ಎಂ-ಸ್ಯಾಂಡ್, ಮೂರು ಪಾಲು ಜಲ್ಲಿ ಎಂಬ ಮಿಶ್ರಣವು ರೂಢಿಯಲ್ಲಿದೆ. ಇದರಲ್ಲಿ ಒಂದು ಘನ ಮೀಟರ್ ಕಾಂಕ್ರೀಟಿಗೆ ಅಂದಾಜು 8 ಚೀಲ ಸಿಮೆಂಟು ಬೇಕಾಗುತ್ತದೆ. ಮೇಲೆ ಹೇಳಿದ 60 ಚದರ ಮೀಟರ್ ಅಂಗಳಕ್ಕೆ 10 ಸೆಂ.ಮೀ. ದಪ್ಪದಲ್ಲಿ 6 ಘನ ಮೀಟರ್ ಕಾಂಕ್ರೀಟು, ಅಂದರೆ ಸುಮಾರು 48 ಚೀಲ ಸಿಮೆಂಟು ತಗಲುತ್ತದೆ. ಮೇಸ್ತ್ರಿಯವರು ನೀಡುವ ಅಂದಾಜನ್ನು ಈ ಲೆಕ್ಕದೊಡನೆ ಹೋಲಿಸಿ ನೋಡಬಹುದು.

ನೀರು ಹೆಚ್ಚಾದಷ್ಟೂ ಕಾಂಕ್ರೀಟು ದುರ್ಬಲವಾಗುತ್ತದೆ. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಎಂ20 ರೂಢಿ ಮಿಶ್ರಣಕ್ಕೆ 50 ಕಿ.ಗ್ರಾಂ. ಚೀಲವೊಂದಕ್ಕೆ ನೀರಿನ ಗರಿಷ್ಠ ಪ್ರಮಾಣ 30 ಲೀಟರ್. ಮರಳಿನಲ್ಲಿ ಇರುವ ತೇವಾಂಶವೂ ಇದರಲ್ಲಿ ಸೇರುತ್ತದೆ. ಬಿಸಿಲು ಹಾಗೂ ಒಣಹವೆಯಿದ್ದಾಗ ಕನಿಷ್ಠ 10 ದಿನ, ಪೊಜೊಲಾನಾ ಸಿಮೆಂಟಿನಂತಹ ಮಿಶ್ರ ಸಿಮೆಂಟು ಬಳಸಿದಾಗ 14 ದಿನ ಕ್ಯೂರಿಂಗ್ ಮಾಡಬೇಕೆಂದು ಅದೇ ಮಾನಕವು ತಿಳಿಸುತ್ತದೆ. ದಿನಕ್ಕೆರಡು ಬಾರಿ ನೀರು ಚಿಮುಕಿಸಿದರೆ ಸಾಲದು. ಅಂಗಳದ ಮೇಲೆ ಒದ್ದೆ ಗೋಣಿಚೀಲ ಅಥವಾ ಒದ್ದೆ ಹುಲ್ಲು ಹೊದಿಸಿ ಸದಾ ತೇವವಾಗಿರಿಸತಕ್ಕದ್ದು.

ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ. ಬಿರುಕು ಬೇಕಾದಲ್ಲಿಯೇ ಬೀಳುವಂತೆ ಎರಡೂವರೆಯಿಂದ ಮೂರು ಮೀಟರ್‌ಗೊಂದರಂತೆ, ಹಾಸಿನ ದಪ್ಪದ ನಾಲ್ಕನೇ ಒಂದರಷ್ಟು ಆಳಕ್ಕೆ ಸಂದುಗಳನ್ನು ಬಿಡಬೇಕು. ಮನೆಯ ಗೋಡೆಗೂ ಅಂಗಳಕ್ಕೂ ನಡುವೆ ಪ್ರತ್ಯೇಕ ಸಂದು ಇರತಕ್ಕದ್ದು.

5.5 ಇಂಟರ್‌ಲಾಕ್ ಹಾಸು. ಕಾಂಕ್ರೀಟಿನ ಇಂಟರ್‌ಲಾಕ್ ಬಿಲ್ಲೆಗಳಿಗೆ ಐಎಸ್ 15658 ಮಾನಕವಿದೆ. ನಡೆದಾಡುವ ಜಾಗಕ್ಕೆ 50 ಮಿ.ಮೀ., ಕಾರು ಓಡಾಡುವ ಜಾಗಕ್ಕೆ 60ರಿಂದ 80 ಮಿ.ಮೀ. ದಪ್ಪದ ಬಿಲ್ಲೆಗಳು ಸಾಮಾನ್ಯವಾಗಿ ಬಳಕೆಯಲ್ಲಿವೆ. ಗಟ್ಟಿ ಜಲ್ಲಿ ಪದರದ ಮೇಲೆ 25ರಿಂದ 40 ಮಿ.ಮೀ. ಮರಳು ಹರಡಿ ಜೋಡಿಸಬೇಕು. ಸುತ್ತಲೂ ಕಾಂಕ್ರೀಟಿನ ಅಂಚುಕಟ್ಟು ಇಲ್ಲದಿದ್ದರೆ ಬಿಲ್ಲೆಗಳು ಹೊರಕ್ಕೆ ಸರಿಯುತ್ತವೆ. ಸಂದುಗಳಿಂದ ನೀರು ಕೆಳಗಿಳಿಯುವುದರಿಂದ ಇಂತಹ ಹಾಸನ್ನು ತಡೆಗೋಡೆಯ ಬೆನ್ನಿಗೆ ತಾಗಿ ಹಾಕಬಾರದು. ಗೋಡೆಗೆ ಸಮೀಪದ ಪಟ್ಟಿಯಲ್ಲಿ ನೀರಿಳಿಯದ ಹಾಸು ಮತ್ತು ಚರಂಡಿ ಇರುವುದು ಕ್ಷೇಮ.

6. ಕಾಲುದಾರಿ ಮತ್ತು ಮೆಟ್ಟಿಲು

ಕಾಲುದಾರಿಯ ಅಗಲವು ಕನಿಷ್ಠ 90 ಸೆಂ.ಮೀ. (3 ಅಡಿ) ಇರಲಿ. ಇಬ್ಬರು ಎದುರುಬದುರಾಗಿ ಸಾಗಲು 1.2 ಮೀಟರ್ (4 ಅಡಿ) ಬೇಕು. ವಯೋವೃದ್ಧರು ಅಥವಾ ಗಾಲಿಕುರ್ಚಿ ಬಳಸುವವರು ಇರುವ ಮನೆಯಲ್ಲಿ ಇಳಿಜಾರು ದಾರಿಯ ಏರು 12ಕ್ಕೆ 1ನ್ನು ಮೀರಬಾರದು.

ಮಳೆಗಾಲದಲ್ಲಿ ಪಾಚಿ ಕಟ್ಟುವುದರಿಂದ ನಯವಾದ ಮೇಲ್ಮೈ ಅಪಾಯಕರ. ಕರಾವಳಿಯ ಹಳೆಯ ಮನೆಗಳಲ್ಲಿ ಮಳೆಗಾಲದ ಅಂಗಳಕ್ಕೆ ಅಡಿಕೆ ಮರದ ದಬ್ಬೆ ಹಾಸುತ್ತಿದ್ದುದು ಇದೇ ಕಾರಣಕ್ಕೆ. ಕಾಂಕ್ರೀಟು ಹಸಿಯಾಗಿರುವಾಗಲೇ ಗಟ್ಟಿ ಕಸಬರಿಗೆಯಿಂದ ಅಡ್ಡಲಾಗಿ ಗೀರು ಎಳೆಯುವುದರಿಂದ ಕಾಲಿಗೆ ಹಿಡಿತ ದೊರೆಯುತ್ತದೆ. ಹೊಳಪಿನ ಟೈಲ್ಸ್ ಅಥವಾ ಪಾಲಿಷ್ ಮಾಡಿದ ಕಲ್ಲನ್ನು ಹೊರಾಂಗಣದಲ್ಲಿ ಬಳಸಬಾರದು.

ಇಳಿಜಾರಿನ ಮೇಲೆ ನೇರವಾಗಿ ಇಳಿಯುವ ಮೆಟ್ಟಿಲುಗಳು ಮಳೆಗಾಲದಲ್ಲಿ ನೀರಿನ ಕಾಲುವೆಯಾಗಿ ಮಾರ್ಪಡುತ್ತವೆ. ಮೆಟ್ಟಿಲಿನ ಪಕ್ಕದಲ್ಲಿ ಪ್ರತ್ಯೇಕ ಚರಂಡಿ ಇರಿಸತಕ್ಕದ್ದು. ಮೆಟ್ಟಿಲುಗಳ ಎತ್ತರವು ಎಲ್ಲ ಕಡೆ ಒಂದೇ ಸಮನಾಗಿರಬೇಕು.

7. ತಡೆಗೋಡೆ

7.1 ಗೋಡೆಯಿಲ್ಲದೆ ಸಾಧ್ಯವೇ? ಜಾಗವಿದ್ದಲ್ಲಿ ಧರೆಯನ್ನು ನೇರವಾಗಿ ಕಡಿಯದೆ ಓರೆಯಾಗಿ ಇಳಿಸುವುದು, ಅಥವಾ ಎತ್ತರದ ಒಂದು ಗೋಡೆಯ ಬದಲು ನಡುವೆ ಅಂತರ ಬಿಟ್ಟು ಹಂತಗಳಾಗಿ ಮಾಡುವುದು ಹೆಚ್ಚು ಕ್ಷೇಮಕರ. ಹಂತಗಳ ನಡುವಿನ ಅಂತರ ಕಡಿಮೆಯಾದರೆ ಮೇಲಿನ ಗೋಡೆಯ ಭಾರ ಕೆಳಗಿನ ಗೋಡೆಯ ಮೇಲೆ ಬೀಳುತ್ತದೆ ಎಂಬುದು ಗಮನದಲ್ಲಿರಲಿ. ಓರೆಯಾದ ಮಣ್ಣಿನ ಮುಖಕ್ಕೆ ಲಾವಂಚದಂತಹ ಆಳ ಬೇರಿನ ಹುಲ್ಲು ನೆಡುವುದರಿಂದ ಮೇಲ್ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ.

7.2 ಗೋಡೆಯ ಬಗೆಗಳು. ಗುಡ್ಡಗಾಡು ಪ್ರದೇಶದ ತಡೆಗೋಡೆಗಳಿಗೆ ಐಎಸ್ 14458 ಮಾನಕವು ಮಾರ್ಗಸೂಚಿ ಒದಗಿಸುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಬಗೆಗಳು ಹೀಗಿವೆ.

(ಅ) ಗಾರೆಯಿಲ್ಲದ ಒಣಕಲ್ಲು ಕಟ್ಟಣೆ: ಕಲ್ಲಿನ ಸಂದುಗಳಿಂದ ನೀರು ತಾನಾಗಿ ಹೊರಬರುತ್ತದೆ. ಕಡಿಮೆ ಎತ್ತರಕ್ಕೆ ಸೂಕ್ತ. ಗೋಡೆಯ ದಪ್ಪದುದ್ದಕ್ಕೂ ಹೋಗುವ ಅಡ್ಡಗಲ್ಲುಗಳನ್ನು ಅಲ್ಲಲ್ಲಿ ಇಡತಕ್ಕದ್ದು.
(ಆ) ಸಿಮೆಂಟು ಗಾರೆಯ ಸೈಜುಗಲ್ಲು ಕಟ್ಟಣೆ: ತನ್ನ ತೂಕದಿಂದಲೇ ಮಣ್ಣನ್ನು ತಡೆಯುತ್ತದೆ. ಗಾರೆಯು ಸಂದುಗಳನ್ನು ಮುಚ್ಚುವುದರಿಂದ ನೀರುಕಿಂಡಿಗಳು ಕಡ್ಡಾಯವಾಗಿ ಇರಬೇಕು.
(ಇ) ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್: ನೀರನ್ನು ಹೊರಬಿಡುತ್ತದೆ, ನೆಲ ಸ್ವಲ್ಪ ಕುಸಿದರೂ ಬಿರುಕು ಬಿಡದೆ ಹೊಂದಿಕೊಳ್ಳುತ್ತದೆ.
(ಈ) ಕಬ್ಬಿಣದ ಸರಳಿನ ಕಾಂಕ್ರೀಟು ಗೋಡೆ: ಕಡಿಮೆ ದಪ್ಪದಲ್ಲಿ ಹೆಚ್ಚು ಎತ್ತರ ಸಾಧ್ಯ. ಇಂಜಿನಿಯರರ ವಿನ್ಯಾಸವಿಲ್ಲದೆ ಕಟ್ಟಕೂಡದು.

ಮುರಕಲ್ಲು ಅಥವಾ ಸಿಮೆಂಟು ಬ್ಲಾಕಿನ 20 ಸೆಂ.ಮೀ. ಗೋಡೆಯು ತಡೆಗೋಡೆಯಾಗಿ ಕೆಲಸ ಮಾಡದು. ಆವರಣ ಗೋಡೆಯ ಒಳಗೆ ಮಣ್ಣು ತುಂಬಿ ಅಂಗಳವನ್ನು ಎತ್ತರಿಸುವುದನ್ನು ಯಾವ ಸಂದರ್ಭದಲ್ಲಿಯೂ ಮಾಡಕೂಡದು.

7.3 ಅಳತೆ. ಕಲ್ಲಿನ ಗೋಡೆಯ ಬುಡದ ಅಗಲವು ಸಾಮಾನ್ಯವಾಗಿ ಎತ್ತರದ ಅರ್ಧದಿಂದ ಹತ್ತರಲ್ಲಿ ಏಳು ಪಾಲಿನವರೆಗೆ ಇರಬೇಕಾಗುತ್ತದೆ. 2 ಮೀಟರ್ ಎತ್ತರದ ಗೋಡೆಗೆ ಬುಡದಲ್ಲಿ 1ರಿಂದ 1.4 ಮೀಟರ್ ಅಗಲವೆಂದು ತಿಳಿಯಬಹುದು. ಅಡಿಪಾಯವನ್ನು ಕನಿಷ್ಠ 50ರಿಂದ 60 ಸೆಂ.ಮೀ. ಆಳದಲ್ಲಿ, ತುಂಬು ಮಣ್ಣಿನಲ್ಲಲ್ಲದೆ ಗಟ್ಟಿಯಾದ ಮೂಲ ನೆಲದಲ್ಲಿ ಇಡತಕ್ಕದ್ದು. ಎತ್ತರ 1.5 ಮೀಟರ್ (5 ಅಡಿ) ಮೀರುವ, ಮೇಲೆ ಅಥವಾ ಕೆಳಗೆ ಮನೆ ಇರುವ, ವಾಹನದ ಭಾರ ಬೀಳುವ ಅಥವಾ ಜಲ ಏಳುವ ಸ್ಥಳದ ಯಾವುದೇ ಗೋಡೆಗೆ ಅರ್ಹ ಸಿವಿಲ್ ಇಂಜಿನಿಯರರಿಂದ ವಿನ್ಯಾಸ ಪಡೆಯಬೇಕೆಂದು ಸಲಹೆ ಮಾಡಲಾಗಿದೆ.

7.4 ನೀರಿನ ವ್ಯವಸ್ಥೆ. ಗೋಡೆ ಭದ್ರವಾಗಿರಲು ಈ ಕೆಳಗಿನ ಐದೂ ಅಂಶಗಳು ಅಗತ್ಯ.

(ಅ) ಗೋಡೆಯ ಬೆನ್ನಿಗೆ ಸುಮಾರು 30 ಸೆಂ.ಮೀ. ದಪ್ಪಕ್ಕೆ ಜಲ್ಲಿ ಅಥವಾ ಸಣ್ಣ ಕಲ್ಲಿನ ಪದರ. ಮಣ್ಣು ಅದರೊಳಗೆ ಸೇರಿ ಕಟ್ಟಿಕೊಳ್ಳದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಬಹುದು.
(ಆ) 75ರಿಂದ 100 ಮಿ.ಮೀ. ವ್ಯಾಸದ ಕೊಳವೆಗಳ ನೀರುಕಿಂಡಿಗಳು, 1ರಿಂದ 1.5 ಮೀಟರ್ ಅಂತರದಲ್ಲಿ, ಹೊರಕ್ಕೆ ಸ್ವಲ್ಪ ವಾಲಿಕೆಯಾಗಿ. ಅತಿ ಕೆಳಗಿನ ಸಾಲು ಮುಂಭಾಗದ ನೆಲಮಟ್ಟಕ್ಕಿಂತ ತುಸು ಮೇಲಿರಬೇಕು.
(ಇ) ಕೊಳವೆಯ ಒಳತುದಿಯಲ್ಲಿ ಮಣ್ಣು ನುಗ್ಗದಂತೆ ಬಲೆ ಹಾಗೂ ದಪ್ಪ ಜಲ್ಲಿ.
(ಈ) ಗೋಡೆಯ ಬುಡದಲ್ಲಿ, ಮುಂಭಾಗದಲ್ಲಿ, ನೀರನ್ನು ಸಾಗಿಸುವ ಚರಂಡಿ.
(ಉ) ಧರೆಯ ನೆತ್ತಿಯಿಂದ ಮೇಲಕ್ಕೆ, ಗುಡ್ಡದಿಂದ ಇಳಿಯುವ ನೀರನ್ನು ತಡೆದು ಪಕ್ಕಕ್ಕೆ ಒಯ್ಯುವ ಕಾಲುವೆ. ಇದರ ತಳ ಹಾಗೂ ಬದಿಗಳಿಗೆ ನೀರಿಳಿಯದಂತೆ ಹಾಸು ಹಾಕತಕ್ಕದ್ದು.

ಇವುಗಳಿಗೆ ತಗಲುವ ವೆಚ್ಚವು ಗೋಡೆಯ ವೆಚ್ಚದ ಚಿಕ್ಕ ಭಾಗ ಮಾತ್ರ. ಆದರೆ ಗೋಡೆ ಪೂರ್ಣಗೊಂಡ ಮೇಲೆ ಬೆನ್ನಿನ ಜಲ್ಲಿ ಪದರವನ್ನು ಸೇರಿಸಲು ಸಾಧ್ಯವಿಲ್ಲ. ಆದುದರಿಂದ ಮಣ್ಣು ತುಂಬುವ ದಿನ ಮಾಲೀಕರು ಸ್ವತಃ ಸ್ಥಳದಲ್ಲಿ ಇದ್ದು ನೋಡಿಕೊಳ್ಳುವುದು ಒಳಿತು.

8. ಕೆಲಸದ ಕಾಲ ಮತ್ತು ಕಾರ್ಮಿಕರ ಸುರಕ್ಷತೆ

ಮಣ್ಣು ಕಡಿಯುವ ಕೆಲಸವನ್ನು ಮಳೆಗಾಲ ಮುಗಿದು ನೆಲ ಬಸಿದ ನಂತರ ಆರಂಭಿಸಿ, ಏಪ್ರಿಲ್ ಅಂತ್ಯದೊಳಗೆ ಗೋಡೆ ಹಾಗೂ ಚರಂಡಿಗಳನ್ನು ಪೂರ್ಣಗೊಳಿಸತಕ್ಕದ್ದು. ಧರೆ ಕಡಿದು ಗೋಡೆ ಕಟ್ಟದೆ ಮಳೆಗಾಲವನ್ನು ಎದುರಿಸುವುದು ಅತ್ಯಂತ ಅಪಾಯಕಾರಿ ಸ್ಥಿತಿ. ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಅಡಿಯಲ್ಲಿ ಜಿಲ್ಲಾಡಳಿತವು ಮಳೆಗಾಲದಲ್ಲಿ ಮಣ್ಣು ಅಗೆತವನ್ನು ನಿರ್ಬಂಧಿಸಬಹುದು. ಯಂತ್ರ ತರಿಸುವ ಮುನ್ನ ಇಂತಹ ಆದೇಶ ಜಾರಿಯಲ್ಲಿದೆಯೇ ಎಂದು ತಿಳಿದುಕೊಳ್ಳತಕ್ಕದ್ದು.

ಜೆಸಿಬಿ ಯಂತ್ರದಿಂದ ಇಡೀ ಧರೆಯನ್ನು ಒಂದೇ ದಿನ ಕಡಿಯದೆ, ಎರಡು ಮೂರು ಮೀಟರ್ ಉದ್ದದ ಭಾಗಗಳಲ್ಲಿ ಕಡಿದು, ಆ ಭಾಗದ ಗೋಡೆ ಎಬ್ಬಿಸಿದ ನಂತರ ಮುಂದಿನ ಭಾಗಕ್ಕೆ ಹೋಗತಕ್ಕದ್ದು. ಕಡಿದ ಮಣ್ಣನ್ನು ಧರೆಯ ನೆತ್ತಿಯಲ್ಲಿ ರಾಶಿ ಹಾಕಬಾರದು. ಅಡಿಪಾಯದ ಗುಂಡಿಯಲ್ಲಿ ಕಾರ್ಮಿಕರು ಇರುವಾಗ ಮೇಲೆ ಯಂತ್ರ ಚಲಿಸಕೂಡದು. ಮಳೆ ಬಂದು ನಿಂತ ಕೂಡಲೇ ಕಾರ್ಮಿಕರನ್ನು ಧರೆಯ ಬುಡಕ್ಕೆ ಇಳಿಸಬಾರದು. ಮಣ್ಣಿನಡಿ ಸಿಲುಕುವವರು ಹೆಚ್ಚಾಗಿ ಗೋಡೆ ಕಟ್ಟುವ ಕಾರ್ಮಿಕರೇ ಎಂಬುದನ್ನು ಮಾಲೀಕರು ಮರೆಯಬಾರದು.

9. ಅನುಮತಿ ಮತ್ತು ಅರ್ಜಿ

9.1 ಎಲ್ಲಿ ಅರ್ಜಿ ಸಲ್ಲಿಸಬೇಕು? ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ಪರವಾನಗಿಯನ್ನು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಪಂಚಾಯಿತಿಯು ನೀಡುತ್ತದೆ. ಪಟ್ಟಣ ಹಾಗೂ ನಗರಗಳಲ್ಲಿ ಆಯಾ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು. ಹೊಸ ಮನೆಯ ನಕ್ಷೆಯಲ್ಲಿಯೇ ತಡೆಗೋಡೆ, ಧರೆಯ ಎತ್ತರ ಹಾಗೂ ಚರಂಡಿಯ ದಿಕ್ಕನ್ನು ತೋರಿಸುವುದು ಉತ್ತಮ. ಈಗಾಗಲೇ ಇರುವ ಮನೆಗೆ ಹೊಸದಾಗಿ ತಡೆಗೋಡೆ ಕಟ್ಟುವವರು ಕೆಲಸ ಆರಂಭಿಸುವ ಮುನ್ನ ಪ್ರತ್ಯೇಕ ಪರವಾನಗಿ ಬೇಕೇ ಎಂಬುದನ್ನು ಅದೇ ಕಛೇರಿಯಲ್ಲಿ ಲಿಖಿತವಾಗಿ ವಿಚಾರಿಸತಕ್ಕದ್ದು.

9.2 ಸಿದ್ಧವಾಗಿ ಇಟ್ಟುಕೊಳ್ಳಬೇಕಾದ ದಾಖಲೆಗಳು.
(ಅ) ಸ್ವತ್ತಿನ ಹಕ್ಕು ದಾಖಲೆ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು ನಮೂನೆಗಳು.
(ಆ) ಕೃಷಿ ಜಮೀನಾಗಿದ್ದಲ್ಲಿ, ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 95ರ ಮೇರೆಗಿನ ಭೂಪರಿವರ್ತನೆ ಆದೇಶ.
(ಇ) ಚಾಲ್ತಿ ವರ್ಷದ ತೆರಿಗೆ ಪಾವತಿ ರಸೀದಿ.
(ಈ) ನಿವೇಶನದ ನಕ್ಷೆ ಹಾಗೂ ಗೋಡೆಯ ಅಡ್ಡಕೊಯ್ತದ ನಕ್ಷೆ, ಇಂಜಿನಿಯರರ ಸಹಿಯೊಂದಿಗೆ.
(ಉ) ಗುರುತಿನ ಚೀಟಿಯ ಪ್ರತಿ.

9.3 ಇತರ ಅನುಮತಿಗಳು. ಮರ ಕಡಿಯಬೇಕಾದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗಬಹುದು. ನಿವೇಶನದ ಮಣ್ಣು ಅಥವಾ ಮುರಕಲ್ಲನ್ನು ಹೊರಗೆ ಸಾಗಿಸುವ ಮುನ್ನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮಗಳನ್ನು ತಿಳಿದುಕೊಳ್ಳತಕ್ಕದ್ದು. ಸಮುದ್ರ ತೀರ ಹಾಗೂ ಉಬ್ಬರವಿಳಿತದ ನದಿಗಳ ದಡದಲ್ಲಿ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳು ಅನ್ವಯಿಸುತ್ತವೆ.

9.4 ಸಕಾಲ. ಸಕಾಲ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ ಅರ್ಜಿ ಸ್ವೀಕರಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ಇದನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

10. ನೆರೆಹೊರೆಯವರ ಹಕ್ಕುಗಳು

ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮ, 1882ರ ಕಲಂ 7ರ ದೃಷ್ಟಾಂತಗಳಂತೆ, ಸ್ವಾಭಾವಿಕ ಸ್ಥಿತಿಯಲ್ಲಿರುವ ಜಮೀನಿಗೆ ಪಕ್ಕದ ಜಮೀನಿನ ಮಣ್ಣಿನ ಆಸರೆ ಪಡೆಯುವ ಹಕ್ಕು ಇರುತ್ತದೆ. ತಮ್ಮ ಗಡಿಯೊಳಗೆಯೇ ಧರೆ ಕಡಿದಿದ್ದರೂ ಅದರಿಂದ ಮೇಲಿನವರ ಜಮೀನು ಕುಸಿದರೆ ಕಡಿದವರು ಹೊಣೆಗಾರರಾಗಬಹುದು. ಮೇಲಿನ ಜಮೀನಿನಲ್ಲಿ ಬಿದ್ದ ನೀರು ಸ್ವಾಭಾವಿಕವಾಗಿ ಕೆಳಗೆ ಹರಿಯುವುದನ್ನು ಕೆಳಗಿನವರು ತಡೆಯಲಾಗದು. ಆದರೆ ಆ ನೀರನ್ನು ಕೊಳವೆಯಲ್ಲಿ ಕೂಡಿಸಿ ಕೆಳಗಿನವರ ಅಂಗಳಕ್ಕೆ ಅಥವಾ ಗೋಡೆಯ ಬೆನ್ನಿಗೆ ಬಿಡುವುದು ಸ್ವಾಭಾವಿಕ ಹರಿವಲ್ಲ. ಕೆಲಸಕ್ಕೆ ಮುನ್ನ ಮೇಲಿನ ಹಾಗೂ ಕೆಳಗಿನ ಮನೆಯವರೊಡನೆ ಮಾತನಾಡಿ, ಚರಂಡಿಯ ದಾರಿಯನ್ನು ಒಪ್ಪಿ ಬರೆದುಕೊಂಡರೆ ಮುಂದಿನ ವ್ಯಾಜ್ಯಗಳು ತಪ್ಪುತ್ತವೆ.

11. ನಿರ್ವಹಣೆ ಮತ್ತು ಅಪಾಯದ ಲಕ್ಷಣಗಳು

ಪ್ರತಿ ವರ್ಷ ಮೇ ತಿಂಗಳಿನಲ್ಲಿ ಚರಂಡಿಗಳ ಕಸ ತೆಗೆದು, ಕೋಲಿನಿಂದ ಪ್ರತಿ ನೀರುಕಿಂಡಿಯನ್ನೂ ಪರೀಕ್ಷಿಸತಕ್ಕದ್ದು. ಇಲಿ, ಇರುವೆ ಹಾಗೂ ಗಿಡದ ಬೇರುಗಳಿಂದ ಕಿಂಡಿಗಳು ಮುಚ್ಚಿಹೋಗುತ್ತವೆ. ಅಂಗಳದ ಬಿರುಕುಗಳನ್ನು ಮಳೆಗಾಲಕ್ಕೆ ಮುಂಚೆ ಮುಚ್ಚಿಸಬೇಕು.

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ತಡಮಾಡದೆ ಮನೆ ತೆರವು ಮಾಡಿ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು.

(ಅ) ಗೋಡೆ ನಡುವೆ ಉಬ್ಬಿಕೊಳ್ಳುವುದು ಅಥವಾ ಮುಂದಕ್ಕೆ ವಾಲುವುದು.
(ಆ) ಅಂಗಳದಲ್ಲಿ ಅಥವಾ ಧರೆಯ ನೆತ್ತಿಯಲ್ಲಿ, ಇಳಿಜಾರಿನ ಅಂಚಿಗೆ ಸಮಾನಾಂತರವಾಗಿ ಹೊಸ ಬಿರುಕು ಬಿದ್ದು ದಿನೇ ದಿನೇ ಅಗಲವಾಗುವುದು.
(ಇ) ಕಿಂಡಿಗಳಿಂದ ತಿಳಿನೀರಿನ ಬದಲು ಕೆಸರುನೀರು ಬರುವುದು, ಅಥವಾ ಭಾರೀ ಮಳೆಯಲ್ಲಿ ಬರುತ್ತಿದ್ದ ನೀರು ಒಮ್ಮೆಲೇ ನಿಂತುಹೋಗುವುದು.
(ಈ) ಹೊಸ ಜಾಗದಲ್ಲಿ ಜಲ ಏಳುವುದು.
(ಉ) ಬಾಗಿಲು, ಕಿಟಕಿಗಳು ಹಠಾತ್ತನೆ ಬಿಗಿಯಾಗುವುದು. ಮರ, ವಿದ್ಯುತ್ ಕಂಬಗಳು ವಾಲುವುದು.

ತುರ್ತು ಸಂದರ್ಭದಲ್ಲಿ 112 ಅಥವಾ ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರದ 1077 ದೂರವಾಣಿಗೆ ಕರೆ ಮಾಡಬಹುದು. ರಾತ್ರಿ ವೇಳೆ ಭಾರೀ ಮಳೆಯ ಮುನ್ಸೂಚನೆ ಇದ್ದಲ್ಲಿ ಧರೆಯ ಕಡೆಗಿರುವ ಕೋಣೆಯಲ್ಲಿ ಯಾರೂ ಮಲಗಬಾರದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೋಡೆಯ ಕಿಂಡಿಗಳಿಂದ ನೀರು ಬಂದು ಅಂಗಳ ಗಲೀಜಾಗುತ್ತದೆ. ಮುಚ್ಚಬಹುದೇ?
ಉತ್ತರ: ಮುಚ್ಚಕೂಡದು. ಕಿಂಡಿಯಿಂದ ತಿಳಿನೀರು ಬರುತ್ತಿರುವುದು ಗೋಡೆ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು. ಕೆಳಗೆ ಚರಂಡಿ ನಿರ್ಮಿಸಿ ನೀರನ್ನು ಸಾಗಿಸತಕ್ಕದ್ದು.

ಪ್ರಶ್ನೆ: ಧರೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಸಾಕಾಗುವುದೇ?
ಉತ್ತರ: ಇದು ತಾತ್ಕಾಲಿಕ ಕ್ರಮ ಮಾತ್ರ. ನೆತ್ತಿಯ ಮೇಲಿನವರೆಗೆ ಹೊದಿಸಿದಲ್ಲಿ ಮೇಲ್ಮಣ್ಣು ಕೊಚ್ಚಿಹೋಗುವುದು ತಪ್ಪುತ್ತದೆ. ಗುಡ್ಡದ ಒಳಗಿನಿಂದ ಬರುವ ನೀರನ್ನು ಹೊದಿಕೆಯು ತಡೆಯದು.

ಪ್ರಶ್ನೆ: ಮೇಸ್ತ್ರಿಯವರೊಡನೆ ಏನನ್ನು ಬರೆದುಕೊಳ್ಳಬೇಕು?
ಉತ್ತರ: ಗೋಡೆಯ ಎತ್ತರ, ಬುಡದ ಮತ್ತು ತುದಿಯ ಅಗಲ, ಅಡಿಪಾಯದ ಆಳ, ಗಾರೆಯ ಪ್ರಮಾಣ, ಕಿಂಡಿಗಳ ಸಂಖ್ಯೆ, ಬೆನ್ನಿನ ಜಲ್ಲಿ ಪದರದ ದಪ್ಪ, ಕ್ಯೂರಿಂಗ್ ದಿನಗಳು ಹಾಗೂ ಹಣ ಪಾವತಿಯ ಹಂತಗಳು. ಜಲ್ಲಿ ಪದರವನ್ನು ನೋಡಿ ಖಚಿತಪಡಿಸಿಕೊಂಡ ನಂತರವೇ ಅಂತಿಮ ಕಂತು ನೀಡುವುದು ಸೂಕ್ತ.

ಪ್ರಶ್ನೆ: ಮಳೆಯಿಂದ ಗೋಡೆ ಅಥವಾ ಮನೆ ಕುಸಿದಲ್ಲಿ ಯಾರಿಗೆ ತಿಳಿಸಬೇಕು?
ಉತ್ತರ: ಗ್ರಾಮ ಆಡಳಿತಾಧಿಕಾರಿ ಅಥವಾ ತಹಶೀಲ್ದಾರರ ಕಛೇರಿಗೆ ಕೂಡಲೇ ತಿಳಿಸಿ ಲಿಖಿತ ಅರ್ಜಿ ನೀಡತಕ್ಕದ್ದು. ಅವಶೇಷ ತೆರವುಗೊಳಿಸುವ ಮುನ್ನ ಸುರಕ್ಷಿತ ಸ್ಥಳದಿಂದ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ಪರಿಹಾರವು ಹಾನಿಯ ಸ್ವರೂಪ ಹಾಗೂ ಆಗ ಜಾರಿಯಲ್ಲಿರುವ ಮಾರ್ಗಸೂಚಿಗಳಿಗೆ ಒಳಪಟ್ಟಿರುತ್ತದೆ.

13. ಸೂಚನೆ

ಇಲ್ಲಿ ನೀಡಿರುವ ಅಳತೆಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇವು ಸ್ಥಳ ಪರಿಶೀಲನೆ ಮಾಡಿದ ಇಂಜಿನಿಯರರ ವಿನ್ಯಾಸಕ್ಕೆ ಪರ್ಯಾಯವಲ್ಲ. ಅರ್ಜಿಯ ನಮೂನೆ, ಶುಲ್ಕ ಹಾಗೂ ಅವಧಿಯನ್ನು ಸಂಬಂಧಪಟ್ಟ ಕಛೇರಿಯ ಸೂಚನಾ ಫಲಕದಲ್ಲಿ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಸಾರ್ವಜನಿಕರು ಮಳೆಗಾಲಕ್ಕೆ ಮುನ್ನವೇ ತಮ್ಮ ನಿವೇಶನದ ನೀರಿನ ದಾರಿಗಳನ್ನು ಸರಿಪಡಿಸಿಕೊಂಡು, ತಮ್ಮ ಹಾಗೂ ನೆರೆಯವರ ಜೀವರಕ್ಷಣೆಗೆ ಸಹಕರಿಸಬೇಕಾಗಿ ಕೋರಲಾಗಿದೆ.